ಡೇರೆ ಹೂವಿನ ಬೇಸಾಯ

(ಮಲೆನಾಡಿನ ಹಿಡುವಳಿದಾರರ ಸಭೆಯೊಂದರಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ವ್ಯವಸಾಯದ ಇನ್‌ಸ್ಪೆಕ್ಟರನು ಊರಿಗೆ ಬಂದನೆಂದರೆ ಭತ್ತದ ಬೀಜ, ಅಡಕೆಯ ಕೊಳೆರೋಗ, ಗೊಬ್ಬರದ ಗುಂಡಿ, ಇವುಗಳ ಮಾತನ್ನೇ ಎತ್ತುವನೆಂದು ತಾವು ಎಣಿಸಿ ಬಂದಿರಬಹುದು. ಈ ದಿನ ಅವುಗಳಲ್ಲಿ ಯಾವುದನ್ನೂ ನಾನು ಮುಟ್ಟುವುದಿಲ್ಲ. ತಮ್ಮ ಮನೆಗಳ ಅಂಗಳದಲ್ಲಿಯೂ ಹಿತ್ತಲಿನಲ್ಲಿಯೂ ಬಹುಕಾಲದಿಂದ ಬೆಳೆದುಬಂದಿರುವ ಡೇರೆ ಹೂವಿನ ವಿಷಯವಾಗಿ ಕೆಲವು ಸಂಗತಿಗಳನ್ನು ಅರಿಕೆಮಾಡುವುದಕ್ಕೆ ಬಂದಿದ್ದೇನೆ. ಇದು ಹೆಂಗಸರ ಕೆಲಸವಷ್ಟೆ, ಇದಕ್ಕೆ ಸಭೆಯೇಕೆ ಎಂದು ಮುಂದೆ ಕುಳಿತಿರುವ ಯಜಮಾನರೊಬ್ಬರು ಈಗತಾನೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಳೆದ ಮಳೆಗಾಲದ ತರುವಾಯ ಈ ಸೀಮೆಯಲ್ಲಿ ನಾನು ಸಂಚಾರಮಾಡಿದಾಗ ಮನೆಮನೆಯಲ್ಲಿಯೂ ಒಂದೇ ಮಾತನ್ನು ಕೇಳಿದೆನು: "ನಮ್ಮಲ್ಲಿ ಹತ್ತು ಬಣ್ಣವಿದ್ದವು, ಈಗ ಮೂರು ಉಳಿದಿವೆ, ಗಡ್ಡೆ ಕೊಳೆತುಹೋಯಿತು." ಹೂವನ್ನು ಕಾಯತಕ್ಕವರು ಹೆಂಗಸರೇ ಆದಾಗ್ಗೂ ನೆಲವನ್ನು ಬಿಟ್ಟುಕೊಡತಕ್ಕವರು, ಏರಿಗೆ ಮಣ್ಣು ಹಾಕಿಸತಕ್ಕವರು, ಬಸಿಗಾಲುವೆಯನ್ನು ತೋಡಿಸತಕ್ಕವರು ತಾವು. ಗಡ್ಡೆಗಳು ಕೊಳೆತದ್ದಕ್ಕೆ ಮುಖ್ಯ ಕಾರಣವು ಇವುಗಳಲ್ಲಿಯೇ ಇರುವುದರಿಂದ ತಾವೂ ಕೇಳತಕ್ಕದ್ದು. ಬಾಗಿಲ ಬಳಿ ನಿಂತಿರುವ ತಾಯಂದಿರು ಮುಂದಕ್ಕೆ ಬಂದು ಕುಳಿತರೆ ಇನ್ನೂ ಒಳ್ಳೆಯದು. ನಾನು ತಪ್ಪಿ ಹೇಳಿದರೆ ತಿದ್ದುವವರು ಅವರೇ.

ಮೊದಲು ಈ ಗಿಡದ ಹುಟ್ಟೂರನ್ನು ತಿಳಿಯಬೇಕು. ಇದು ನಮ್ಮ ದೇಶದ್ದಲ್ಲ. ಅಮೆರಿಕಾ ಖಂಡದ ಮೆಕ್ಸಿಕೋ ದೇಶದ ಬೆಟ್ಟದ ಸೀಮೆಯೇ ಇದರ ತೌರುಮನೆ. ಅಲ್ಲಿಂದ 1789ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನಕ್ಕೆ ಬೀಜಗಳು ಬಂದವು. ಅಲ್ಲಿಯ ಕವನಿಲ್ಯೆಸ್ ಎಂಬ ಪಾದ್ರಿಗಳು 1791ರಲ್ಲಿ, ಸ್ವೀಡನ್ ದೇಶದ ಆಂಡರ್ಸ್ ದಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ ಇದಕ್ಕೆ ಡಾಲಿಯಾ ಎಂದು ಹೆಸರಿಟ್ಟರು. ಆ ಹೆಸರೇ ನಮ್ಮವರ ಬಾಯಿಯಲ್ಲಿ ಡೇಲಿಯಾ ಆಗಿ, ಮಲೆನಾಡಿನಲ್ಲಿ ಡೇರೆ ಆಯಿತು. ಗುಡಾರಕ್ಕೂ ಈ ಹೂವಿಗೂ ಯಾವ ಸಂಬಂಧವೂ ಇಲ್ಲ. ಮೆಕ್ಸಿಕೋ ದೇಶದವರು 1963ರಲ್ಲಿ ಇದನ್ನು ತಮ್ಮ ರಾಷ್ಟ್ರಪುಷ್ಪವನ್ನಾಗಿ ಸಾರಿದರು. ನಮ್ಮ ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಇವೆಲ್ಲವೂ ಡೇರೆಯ ದಾಯಾದಿಗಳೇ.

ಈ ಕಥೆಯನ್ನು ಕಾಲಹರಣಕ್ಕಾಗಿ ಹೇಳಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಹುಟ್ಟಿದ ಗಿಡವಾದುದರಿಂದ ಇದಕ್ಕೆ ತಂಪಾದ ರಾತ್ರಿಯೂ, ಹಗಲಿನಲ್ಲಿ ಒಳ್ಳೆಯ ಬಿಸಿಲೂ, ನೀರು ನಿಲ್ಲದೆ ಹರಿದುಹೋಗುವ ನೆಲವೂ ಬೇಕು. ಮಲೆನಾಡು ತಂಪನ್ನು ಧಾರಾಳವಾಗಿ ಕೊಡುತ್ತದೆ. ಬಿಸಿಲನ್ನು ಮಳೆಗಾಲದಲ್ಲಿ ಲೆಕ್ಕಮಾಡಿ ಕೊಡುತ್ತದೆ. ಮೂರನೆಯದನ್ನು ಮಾತ್ರ ನಾವೇ ಒದಗಿಸಬೇಕು. ಇಲ್ಲಿಯೇ ನಾನು ಎಡವಿದ್ದು; ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಇಪ್ಪತ್ತು ವರ್ಷಗಳ ಹಿಂದೆ, ಕಾಲೇಜನ್ನು ಬಿಟ್ಟು ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ಘಟ್ಟದ ಅಂಚಿನ ಒಂದು ಊರಿಗೆ ಹೋಗಿದ್ದೆನು. ಆ ಊರಿನ ಯಜಮಾನರ ಮನೆಯಲ್ಲಿ ಮೂವತ್ತಕ್ಕೆ ಮೇಲ್ಪಟ್ಟ ಡೇರೆ ಗಡ್ಡೆಗಳಿದ್ದವು. ಆ ಮನೆಯ ಸೊಸೆಯು ತೌರಿನಿಂದ ತಂದು ಬೆಳೆಸಿದವು. ಅವುಗಳಲ್ಲಿ ಕಡುಗೆಂಪು ಎಸಳಿಗೆ ಬಿಳಿಯ ತುದಿಯಿದ್ದ ಒಂದು ಜಾತಿಯನ್ನು ನೋಡುವುದಕ್ಕೆ ನೆರೆಯ ಊರಿನವರು ಬರುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ್ದಂತೆ, ಸಮನಾದ ಮಡಿಯನ್ನು ಮಾಡಿಸಿ, 6 ಅಂಗುಲ ಆಳಕ್ಕೆ ಗಡ್ಡೆಗಳನ್ನು ಇಡಿಸಿ, ಮೇಲೆ ಹಸಿಗೊಬ್ಬರವನ್ನು ಹಾಕಿಸಿದೆನು. ಆಗ ಮೃಗಶಿರ ಮಳೆ ಹತ್ತಿತ್ತು. ಪಕ್ಕದ ಮನೆಯ ಮುದುಕಿಯೊಬ್ಬರು ಬೇಲಿಯ ಆಚೆಯಿಂದ ನೋಡುತ್ತಿದ್ದು, "ತಮ್ಮಾ, ನಿನ್ನ ಪುಸ್ತಕ ಬರೆದವರ ಊರಿನಲ್ಲಿ ಆರಿದ್ರಾ ಮಳೆ ಹೊಯ್ಯುತ್ತದೆಯೇ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆನು. ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ಆ ಮಡಿಯಲ್ಲಿ ಒಂದು ಗಡ್ಡೆಯೂ ಬದುಕಿರಲಿಲ್ಲ. ಕೈಹಾಕಿದರೆ ಅಂಬಲಿಯಂತೆ ಜಾರಿಹೋಗುತ್ತಿದ್ದವು. ಮುದುಕಿಯ ಹಿತ್ತಲಿನಲ್ಲಿ ಗೇಣೆತ್ತರದ ದಿಣ್ಣೆಗಳ ಮೇಲೆ ಮೊಳದುದ್ದದ ಗಿಡಗಳು ನಿಂತಿದ್ದವು. ಯಜಮಾನರು ನನ್ನನ್ನು ಒಂದು ಮಾತನ್ನೂ ಆಡಲಿಲ್ಲ. ಆ ಸೊಸೆಯ ತೌರುಮನೆಯಲ್ಲಿಯೂ ಅಷ್ಟರಲ್ಲಿ ಆ ಜಾತಿ ಅಳಿದಿತ್ತು. ಆ ಬಿಳಿಯ ತುದಿಯ ಕೆಂಪು ಹೂವನ್ನು ಅಂದಿನಿಂದ ಎಲ್ಲಿಯೂ ನಾನು ಕಂಡಿಲ್ಲ.

ಆ ಮುದುಕಿಗೆ ತಿಳಿದಿದ್ದು, ನನಗೆ ತಿಳಿಯದಿದ್ದ ವಿಷಯವು ಇಷ್ಟೆ. ಗಡ್ಡೆಯಲ್ಲಿ ಮೊಳಕೆ ಹೊರಟು ಬೇರು ಬಿಟ್ಟಮೇಲೆ ಗಿಡವು ನೀರನ್ನು ಕುಡಿಯುತ್ತದೆ. ಎಲೆಗಳ ಮೂಲಕ ಹೊರಕ್ಕೆ ಬಿಡುತ್ತದೆ. ಮೊಳೆಯದ ಗಡ್ಡೆಗೆ ಬಾಯಿಲ್ಲ. ಅದರ ಸುತ್ತಲೂ ನೀರು ನಿಂತರೆ ಕೊಳೆಯುವುದೊಂದೇ ಅದಕ್ಕಿರುವ ದಾರಿ. ಆದುದರಿಂದ ಆರಿದ್ರಾ ಮಳೆಯು ಹಿಡಿಯುವುದರೊಳಗಾಗಿ ಗಿಡವು ಮೊಳಕಾಲುದ್ದವಾದರೂ ಆಗಿರಬೇಕು. ಹಾಗಾಗಬೇಕಾದರೆ ಭರಣಿ ಅಥವಾ ಕೃತ್ತಿಕೆ ಮಳೆಯ ಹದದಲ್ಲಿಯೇ, ಎಂದರೆ ಮೇ ತಿಂಗಳಿನ ಮೊದಲೆರಡು ವಾರಗಳಲ್ಲಿ, ನೆಡತಕ್ಕದ್ದು. ಆ ವರ್ಷ ಮುಂಗಾರಿಗೆ ಮೊದಲು ಮಳೆ ಬಾರದಿದ್ದರೆ ಒಂದೆರಡು ಕೊಡ ನೀರಿನಿಂದ ಮಣ್ಣನ್ನು ಹದಮಾಡಿಕೊಂಡು ನೆಡಬಹುದು. ನೆಟ್ಟಮೇಲೆ ಮೊಳಕೆ ಕಾಣಿಸುವವರೆಗೂ ನೀರು ಹಾಕಕೂಡದು. ಹೀಗೆ ನೆಟ್ಟ ಗಿಡವು ಸುಮಾರು ಮೂರು ತಿಂಗಳಿಗೆ, ಮಘಾ ಮಳೆಯ ಹೊತ್ತಿಗೆ, ಮೊಗ್ಗೊಡೆದು ಗೌರಿಹಬ್ಬಕ್ಕೂ ನವರಾತ್ರಿಗೂ ಹೂ ಕೊಡುವುದು.

ಬಯಲುಸೀಮೆಯ ಲೆಕ್ಕ ಬೇರೆ. ಬೆಂಗಳೂರಿನ ಸುತ್ತಮುತ್ತ ಮಳೆಯ ಹೊಡೆತ ಕಡಿಮೆಯಾದುದರಿಂದ ಜೂನ್ ತಿಂಗಳಿನಲ್ಲಿಯೂ ನೆಡುವುದುಂಟು. ಲಾಲ್‌ಬಾಗಿನ ಜನವರಿಯ ಪ್ರದರ್ಶನಕ್ಕೆ ಹೂ ಬೇಕೆನ್ನುವವರು ಅಕ್ಟೋಬರಿನಲ್ಲಿ ಸಸಿ ಇಡುತ್ತಾರೆ. ಅಲ್ಲಿ ಕುಂಡಗಳಲ್ಲಿ ಬೆಳೆಸಿದ, ಊಟದ ತಟ್ಟೆಯಷ್ಟಗಲದ ಹೂಗಳನ್ನು ತಾವು ನೋಡಿರಬಹುದು. ಅವನ್ನು ನೋಡಿ ಆಸೆಪಟ್ಟು ಅದೇ ಜಾತಿಯನ್ನು ಇಲ್ಲಿ ನೆಟ್ಟವರು ಆಗಸ್ಟ್ ತಿಂಗಳಿನಲ್ಲಿ ಪರಿತಪಿಸುತ್ತಾರೆ. ದೊಡ್ಡ ಹೂವಿನೊಳಗೆ ಮಳೆಯ ನೀರು ತುಂಬಿ, ಭಾರಕ್ಕೆ ಕತ್ತು ಮುರಿದು, ಎರಡು ದಿನಗಳಲ್ಲಿ ಕಂದುಬಣ್ಣದ ಮುದ್ದೆಯಾಗುತ್ತದೆ. ಮಲೆನಾಡಿಗೆ ಚೆಂಡಿನಂತೆ ದುಂಡಗಿರುವ, ಎಸಳುಗಳು ಕೊಳವೆಯಂತೆ ಮಡಿಚಿಕೊಂಡಿರುವ ಸಣ್ಣ ಮತ್ತು ನಡುತರದ ಜಾತಿಗಳೇ ಯೋಗ್ಯವೆಂದು ನನ್ನ ಅಭಿಪ್ರಾಯ. ಅವುಗಳ ಮೇಲೆ ನೀರು ನಿಲ್ಲುವುದಿಲ್ಲ, ದೇವರಿಗೂ ಮುಡಿಗೂ ಅನುಕೂಲ, ಗಿಡವೊಂದಕ್ಕೆ ಹೂಗಳ ಸಂಖ್ಯೆಯೂ ಹೆಚ್ಚು. ತಮ್ಮ ಅಜ್ಜಿಯರು ಇಟ್ಟುಕೊಂಡಿದ್ದ ಡೇರೆಗಳು ಹೆಚ್ಚಾಗಿ ಈ ತರದವೇ.

ಇನ್ನು ಗಡ್ಡೆಯ ವಿಷಯ. ಇದರಲ್ಲಿ ಜನರು ಹೆಚ್ಚಾಗಿ ಮೋಸಹೋಗುತ್ತಾರೆ. ಆಲೂಗಡ್ಡೆಗೆ ಮೈತುಂಬ ಕಣ್ಣುಗಳಿವೆ. ಯಾವ ತುಂಡನ್ನು ನೆಟ್ಟರೂ ಕಣ್ಣಿದ್ದರೆ ಮೊಳೆಯುತ್ತದೆ. ಡೇರೆಯ ಗಡ್ಡೆಗೆ ಹಾಗಲ್ಲ. ಅದರ ಹೊಟ್ಟೆಯ ಮೇಲೆ ಕಣ್ಣೇ ಇಲ್ಲ. ಹಳೆಯ ಕಾಂಡವು ಗಡ್ಡೆಗಳ ಗೊಂಚಲನ್ನು ಸೇರುವ ಬುಡದಲ್ಲಿ ಮಾತ್ರ, ಅಕ್ಕಿಯ ಕಾಳಿನಷ್ಟು ಉಬ್ಬಿದ ಕಣ್ಣುಗಳಿರುತ್ತವೆ. ಈ ಬುಡದ ಚೂರೊಂದು ಅಂಟಿಕೊಂಡಿಲ್ಲದ ಗಡ್ಡೆಯು ಎಷ್ಟೇ ದಪ್ಪವಾಗಿರಲಿ, ಮಣ್ಣಿನಲ್ಲಿ ಬೇರು ಬಿಡಬಹುದೇ ಹೊರತು ಎಂದಿಗೂ ಚಿಗುರುವುದಿಲ್ಲ. ಅದು ಕುರುಡು ಗಡ್ಡೆ. ಜಾತ್ರೆ ಸಂತೆಗಳಲ್ಲಿ ಬಣ್ಣದ ಪಟಗಳನ್ನು ಹರವಿಕೊಂಡು ಗಡ್ಡೆ ಮಾರುವವರು ತರುವ ಚೀಲಗಳಲ್ಲಿ ಕುರುಡು ಗಡ್ಡೆಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರ ಪಟಗಳಲ್ಲಿ ಆಕಾಶದಂತಹ ನೀಲಿ ಹೂವು ಒಂದಿರುವುದೂ ಉಂಟು. ನಿಜವಾದ ನೀಲಿ ಡೇರೆಯು ಪ್ರಪಂಚದಲ್ಲಿ ಇದುವರೆಗೆ ಹುಟ್ಟಿಲ್ಲ. ನೀಲಿಯೆಂದು ಹೇಳಿ ಕೊಟ್ಟದ್ದು ಬಹಳವಾದರೆ ನೇರಳೆಯಾಗಿ ಅರಳೀತು. ಕೊಳ್ಳುವವರು ಪಟವನ್ನು ಬಿಟ್ಟು ಗಡ್ಡೆಯ ಕುತ್ತಿಗೆಯನ್ನು ನೋಡತಕ್ಕದ್ದು. ಕುತ್ತಿಗೆ ಮುರಿದಿದ್ದರೆ, ಕಣ್ಣು ಕಾಣದಿದ್ದರೆ, ಕಾಸು ಕೊಡಬೇಡಿ.

ಗೊಂಚಲನ್ನು ಭಾಗಮಾಡುವುದಕ್ಕೆ ಅವಸರಪಡಕೂಡದು. ಏಪ್ರಿಲ್ ತಿಂಗಳಿನಲ್ಲಿ ಗೊಂಚಲುಗಳನ್ನು ಹೊರತೆಗೆದು, ನೆರಳಿನಲ್ಲಿ ಸ್ವಲ್ಪ ತೇವವಾದ ಮರಳಿನ ಮೇಲೆ ಇಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಕಣ್ಣುಗಳು ಉಬ್ಬಿ ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಹರಿತವಾದ ಕತ್ತಿಯಿಂದ, ಒಂದೊಂದು ಭಾಗಕ್ಕೂ ಒಂದು ಕಣ್ಣು, ಬುಡದ ಒಂದು ಚೂರು, ಒಂದು ಗಟ್ಟಿ ಗಡ್ಡೆ ಬರುವಂತೆ ಕೊಯ್ಯಬೇಕು. ಕೊಯ್ದ ಮೈಗೆ ಗಂಧಕದ ಪುಡಿಯನ್ನಾಗಲಿ ಜರಡಿ ಹಿಡಿದ ಒಲೆಯ ಬೂದಿಯನ್ನಾಗಲಿ ಸವರಿ, ಎರಡು ದಿನ ಆರಲು ಬಿಟ್ಟು ನೆಡಬೇಕು. ಒಂದು ಗೊಂಚಲು ಮುಗಿದ ಕೂಡಲೇ ಕತ್ತಿಯ ಬಾಯನ್ನು ಬೆಂಕಿಗೆ ಹಿಡಿದು ಮುಂದಿನದಕ್ಕೆ ಹೋಗಬೇಕು.

ಗಡ್ಡೆ ಕಡಿಮೆಯಿದ್ದು ಗಿಡಗಳು ಹೆಚ್ಚು ಬೇಕಾದರೆ ಕಡ್ಡಿಯಿಂದಲೂ ವೃದ್ಧಿಪಡಿಸಬಹುದು. ಗೊಂಚಲಿನಿಂದ ಹೊರಟ ಚಿಗುರು 3 ಅಥವಾ 4 ಅಂಗುಲವಾದಾಗ, ಬುಡದ ಚೂರೊಂದು ಸೇರಿಕೊಂಡಂತೆ ಕಿತ್ತು, ಕೆಳಗಿನ ಎಲೆಗಳನ್ನು ತೆಗೆದು, ತೊಳೆದ ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುವುದು. ಬೀಜದಿಂದ ಬೆಳೆಸಿದ ಗಿಡವು ಮಾತ್ರ ತಾಯಿಯನ್ನು ಹೋಲುವುದಿಲ್ಲ. ಹತ್ತು ಬೀಜಕ್ಕೆ ಹತ್ತು ಬಣ್ಣ. ಆಟಕ್ಕೆ ಅದು ಚೆನ್ನು, ಮನೆತನದ ಜಾತಿಯನ್ನು ಉಳಿಸುವುದಕ್ಕೆ ಗಡ್ಡೆ ಅಥವಾ ಕಡ್ಡಿಯೇ ಬೇಕು.

ಜಾಗದ ಆಯ್ಕೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಆರಿಸಬೇಕು. ತೋಟದ ಅಡಕೆಯ ನೆರಳಿನಲ್ಲಿ ನೆಟ್ಟರೆ ಗಿಡವು ಬಿದಿರಿನಂತೆ ಉದ್ದಕ್ಕೆ ಬೆಳೆದು ಎಲೆಯನ್ನೇ ಕೊಡುವುದು. ಮನೆಯ ಸೂರಿನ ಹನಿ ಬೀಳುವ ಸಾಲಿನಲ್ಲಿ ಎಂದಿಗೂ ನೆಡಬೇಡಿ. ಅಲ್ಲಿಂದ ಎರಡು ಮೊಳ ಈಚೆಗೆ ಬನ್ನಿ. ಏರಿಯು ಗೇಣೆತ್ತರಕ್ಕೆ ಕಡಿಮೆಯಿರಕೂಡದು. ಏರಿಯ ಎರಡು ಪಕ್ಕಗಳಲ್ಲಿಯೂ ಬಸಿಗಾಲುವೆಯನ್ನು ತೋಡಿ, ಅದು ಅಂಗಳದ ಕೆಳಬದಿಗೆ ಹರಿಯುವಂತೆ ಇಳಿಜಾರು ಕೊಡಬೇಕು. ಅಡಕೆ ತೋಟಕ್ಕೆ ಬಸಿಗಾಲುವೆ ತೆಗೆಸುವವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ತೋಟಕ್ಕೆ ತೋರಿಸುವ ಶ್ರದ್ಧೆಯ ನೂರರಲ್ಲೊಂದು ಪಾಲನ್ನು ಅಂಗಳಕ್ಕೆ ತೋರಿಸಿದರೆ ಸಾಕು.

ಎತ್ತರದ ಜಾತಿಗಳಿಗೆ ಗಿಡದಿಂದ ಗಿಡಕ್ಕೆ ಎರಡೂವರೆಯಿಂದ ಮೂರು ಅಡಿ, ಗಿಡ್ಡ ಜಾತಿಗಳಿಗೆ ಒಂದೂವರೆ ಅಡಿ ಅಂತರವಿರಲಿ. ಒಂದೊಂದು ಕುಳಿಗೆ ಪೂರ್ತಿಯಾಗಿ ಕಳಿತ ಹಟ್ಟಿಗೊಬ್ಬರ ಅರ್ಧ ಪುಟ್ಟಿ, ಒಲೆಯ ಬೂದಿ ಎರಡು ಹಿಡಿ, ಎಲುಬಿನ ಪುಡಿ ಅಥವಾ ಹೊಂಗೆ ಹಿಂಡಿ ಒಂದು ಹಿಡಿ ಸಾಕು. ನಮ್ಮ ಕೆಂಪು ಜಂಬಿಟ್ಟಿಗೆಯ ಮಣ್ಣು ಹುಳಿಯಾದದ್ದು. ಬೂದಿಯು ಆ ಹುಳಿಯನ್ನು ಕೊಂಚ ತಗ್ಗಿಸುವುದಲ್ಲದೆ ಗಡ್ಡೆಗೂ ಹೂವಿನ ಕಾಂಡಕ್ಕೂ ಬಲವನ್ನು ಕೊಡುತ್ತದೆ. ಆದರೆ ಮಳೆಯು ಬೂದಿಯ ಸತ್ವವನ್ನು ಬೇಗ ತೊಳೆದೊಯ್ಯುವುದರಿಂದ ಒಂದೇ ಸಲ ಸುರಿಯದೆ, ತಿಂಗಳಿಗೊಮ್ಮೆ ಒಂದೊಂದು ಹಿಡಿಯನ್ನು ಬುಡದಿಂದ ದೂರವಾಗಿ ಉದುರಿಸತಕ್ಕದ್ದು. ಹಸಿ ಸಗಣಿಯನ್ನು ಗಡ್ಡೆಗೆ ತಾಗಿಸಲೇಕೂಡದು. ಸಾರಜನಕದ ಗೊಬ್ಬರವನ್ನು, ಯೂರಿಯಾ ಎಂದು ತಾವು ಗದ್ದೆಗೆ ಹಾಕುವುದನ್ನು, ಇದಕ್ಕೆ ಹಾಕಿದರೆ ಗಿಡವು ಕಪ್ಪಗೆ ಕೊಬ್ಬಿ, ಹೂ ತಡವಾಗಿ, ಗಡ್ಡೆ ಸಡಿಲವಾಗಿ ಮುಂದಿನ ವರ್ಷಕ್ಕೆ ನಿಲ್ಲುವುದಿಲ್ಲ.

ಆಸರೆಯ ಕೋಲನ್ನು ಮೊದಲು ನೆಟ್ಟು ಆಮೇಲೆ ಗಡ್ಡೆಯನ್ನು ಇಡಬೇಕು. ಗಿಡ ಬೆಳೆದಮೇಲೆ ಕೋಲು ಚುಚ್ಚಿದರೆ ಅದು ಗಡ್ಡೆಯ ಹೊಟ್ಟೆಯನ್ನೇ ಸೀಳಿದರೂ ನಮಗೆ ಕಾಣದು. ಅಡಕೆ ದಬ್ಬೆ ಇದಕ್ಕೆ ಬಹಳ ಅನುಕೂಲ. ಗಡ್ಡೆಯನ್ನು ಮಲಗಿಸಿ, ಕಣ್ಣು ಮೇಲುಮುಖವಾಗಿ ಕೋಲಿನ ಕಡೆಗಿರುವಂತೆ ಇಟ್ಟು, ಮೇಲೆ 4 ಅಂಗುಲ ಮಣ್ಣು ಮುಚ್ಚಿರಿ. ಗಿಡವು ಏರಿದಂತೆ ಬಾಳೆಯ ನಾರಿನಿಂದ, ಎಂಟರ ಅಂಕಿಯಂತೆ ಕೋಲಿಗೂ ಕಾಂಡಕ್ಕೂ ನಡುವೆ ತಿರುವು ಕೊಟ್ಟು ಸಡಿಲವಾಗಿ ಕಟ್ಟಬೇಕು. ಡೇರೆಯ ಕಾಂಡವು ಟೊಳ್ಳು. ಬಿಗಿಯಾಗಿ ಕಟ್ಟಿದ ಕಡೆಯೇ ಗಾಳಿಗೆ ಮುರಿಯುತ್ತದೆ.

ನಾಲ್ಕು ಅಥವಾ ಐದು ಜೊತೆ ಎಲೆಗಳಾದಾಗ ನಡುವಿನ ಕುಡಿಯನ್ನು ಚಿವುಟಬೇಕು. ಇದನ್ನು ಹೇಳಿದರೆ ತಾಯಂದಿರು ಕೈ ಹಿಂದೆಗೆಯುತ್ತಾರೆ. ಬೆಳೆಯುತ್ತಿರುವ ಕುಡಿಯನ್ನು ಕೀಳುವುದಕ್ಕೆ ಮನಸ್ಸು ಬಾರದು. ಆದರೆ ಚಿವುಟಿದ ಗಿಡವು ಪಕ್ಕದ ಕವಲುಗಳನ್ನು ಬಿಟ್ಟು ಪೊದೆಯಾಗಿ, ಒಂದು ಹೂವಿನ ಬದಲು ಆರೆಂಟು ಹೂಗಳನ್ನು ಒಟ್ಟಿಗೆ ಕೊಡುವುದು. ಮೊಗ್ಗುಗಳು ಮೂರು ಮೂರಾಗಿ ಬರುತ್ತವೆ. ಹೂ ದೊಡ್ಡದಾಗಬೇಕಾದರೆ ಬಟಾಣಿಯಷ್ಟಿರುವಾಗಲೇ ಪಕ್ಕದ ಎರಡನ್ನು ತೆಗೆದು ನಡುವಿನದನ್ನು ಉಳಿಸಬಹುದು. ಪೂಜೆಗೆ ಹೂ ಹೆಚ್ಚು ಬೇಕಾದವರು ತೆಗೆಯಬೇಕಾಗಿಲ್ಲ. ಬಾಡಿದ ಹೂವನ್ನು ಮಾತ್ರ ಗಿಡದಲ್ಲಿ ಬಿಡಬಾರದು. ಮೊಗ್ಗು ಕಾಣಿಸಿದಮೇಲೆ, ಒಂದು ಪಾಲು ಸಗಣಿಯನ್ನು ಹತ್ತು ಪಾಲು ನೀರಿನಲ್ಲಿ ಒಂದು ವಾರ ಕಳಿಸಿದ ತಿಳಿಯನ್ನು ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿದರೆ ಒಳ್ಳೆಯದು.

ರೋಗಕೀಟಗಳಲ್ಲಿ ಮಳೆಗಾಲದ ಮೊದಲ ಶತ್ರು ಬಸವನಹುಳು. ಚಿಪ್ಪಿಲ್ಲದ ಜಾತಿಯಂತೂ ಒಂದೇ ರಾತ್ರಿಯಲ್ಲಿ ಚಿಗುರನ್ನು ಬುಡಸಹಿತ ಮೇಯುತ್ತದೆ. ಸುಣ್ಣದ ಗೆರೆ ಎಳೆಯಿರೆಂದು ಪುಸ್ತಕಗಳು ಹೇಳುತ್ತವೆ, ನಮ್ಮ ಮಳೆಯಲ್ಲಿ ಆ ಗೆರೆಯು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಸಂಜೆ ಏರಿಯ ಮೇಲೆ ಒದ್ದೆ ಗೋಣಿತಾಟನ್ನು ಹಾಸಿಟ್ಟು, ಬೆಳಗ್ಗೆ ಅದರ ಅಡಿಯಲ್ಲಿ ಸೇರಿರುವ ಹುಳುಗಳನ್ನು ಆಯ್ದು ಉಪ್ಪುನೀರಿಗೆ ಹಾಕುವುದೇ ಸರಿಯಾದ ಉಪಾಯ. ಮಳೆ ಬಿಟ್ಟಮೇಲೆ ಎಲೆಯ ಮೇಲೆ ಬಿಳಿಯ ಬೂದಿ ಹರಡುತ್ತದೆ. ಇದಕ್ಕೆ ಅಡಕೆಗೆ ಹೊಡೆಯುವ ಮೈಲುತುತ್ತ ಸುಣ್ಣದ ದ್ರಾವಣವನ್ನು ನೆಚ್ಚಬೇಡಿ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರು ನೀರಿಗೆ 2 ಅಥವಾ 3 ಗ್ರಾಂ ಕಲಸಿ, ಬಿಸಿಲೇರುವುದಕ್ಕೆ ಮೊದಲು ಸಿಂಪಡಿಸಬೇಕು. ಹೇನಿಗೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆ, ಕೂಡಿಕೊಳ್ಳುವುದಕ್ಕೆ ಸ್ವಲ್ಪ ಸಾಬೂನು. ಮುಡಿಗೂ ದೇವರಿಗೂ ಏರುವ, ಮಕ್ಕಳು ಮುಟ್ಟುವ ಹೂವಾದುದರಿಂದ ಗದ್ದೆಗೆ ತಂದ ಘಾಟಿನ ವಿಷಗಳನ್ನು ಅಂಗಳಕ್ಕೆ ತರಬೇಡಿರಿ.

ಹೇನನ್ನು ನಾನು ಲಘುವಾಗಿ ಹೇಳಿದೆನೆಂದು ತಿಳಿಯಬಾರದು. ಅದು ರಸ ಹೀರುವುದು ಸಣ್ಣ ನಷ್ಟ, ಗಿಡದಿಂದ ಗಿಡಕ್ಕೆ ಮೊಸಾಯಿಕ್ ಎಂಬ ರೋಗವನ್ನು ಹೊತ್ತೊಯ್ಯುವುದು ದೊಡ್ಡ ನಷ್ಟ. ಎಲೆಯ ನರಗಳ ಪಕ್ಕದಲ್ಲಿ ತಿಳಿಹಸುರಿನ ಪಟ್ಟಿ, ಮುರುಟಿದ ಎಲೆ, ಕುಳ್ಳಾದ ಗಿಡ, ಇವು ಅದರ ಗುರುತು. ಇದಕ್ಕೆ ಮದ್ದಿಲ್ಲ. ರೋಗವು ಗಡ್ಡೆಯಲ್ಲಿಯೂ ಇರುವುದರಿಂದ ಅಂತಹ ಗಡ್ಡೆಯನ್ನು ಭಾಗಮಾಡಿ ನೆಂಟರಿಗೆ ಕೊಟ್ಟರೆ ರೋಗವನ್ನೇ ಉಡಿತುಂಬಿ ಕಳುಹಿಸಿದಂತಾಯಿತು. ಎಷ್ಟು ಪ್ರೀತಿಯ ಬಣ್ಣವಾದರೂ ಗಡ್ಡೆಸಹಿತ ಕಿತ್ತು ಸುಡತಕ್ಕದ್ದು. ಇಲ್ಲಿ ದಾಕ್ಷಿಣ್ಯ ಕೂಡದು.

ಹೂ ಕೊಯ್ಯುವುದಕ್ಕೆ ಬೆಳಗಿನ ತಂಪು ಹೊತ್ತು ಉತ್ತಮ. ಡೇರೆಯ ಮೊಗ್ಗು ಕೊಯ್ದಮೇಲೆ ಅರಳುವುದಿಲ್ಲವಾದ್ದರಿಂದ ಮುಕ್ಕಾಲುಪಾಲಿಗೆ ಮೇಲ್ಪಟ್ಟು ಅರಳಿದ್ದನ್ನೇ ಕೊಯ್ಯಬೇಕು. ಪೇಟೆಗೆ ಕಳುಹಿಸುವವರು, ಕುದಿಯದಿದ್ದರೂ ಕೈಯಿಡಲಾರದಷ್ಟು ಬಿಸಿಯಾದ ನೀರಿನಲ್ಲಿ ತೊಟ್ಟಿನ ತುದಿಯನ್ನು ಎರಡು ಮೂರು ಅಂಗುಲ ಮುಳುಗಿಸಿ, ನೀರು ತಾನಾಗಿ ಆರುವವರೆಗೆ ಬಿಟ್ಟರೆ ಹೂವು ಹೆಚ್ಚು ದಿನ ಬಾಡದು. ಪರೀಕ್ಷಿಸಿ ನೋಡಿದ ಮಾತು.

ಈಗ ಗಡ್ಡೆಯನ್ನು ಕಾಪಿಡುವ ವಿಷಯ. ಸೆಪ್ಟೆಂಬರ್ ಕಳೆದು ಹಗಲು ರಾತ್ರಿಗಿಂತ ಕಿರಿದಾದಂತೆ ಗಿಡವು ಹೂ ಬಿಡುವುದನ್ನು ಕಡಿಮೆಮಾಡಿ ಗಡ್ಡೆ ಕಟ್ಟುವುದಕ್ಕೆ ತೊಡಗುತ್ತದೆ. ಎಲೆ ಹಳದಿಯಾಗುವವರೆಗೆ ಅದನ್ನು ಕಡಿಯಬೇಡಿ. ಆ ಎಲೆಗಳೇ ಮುಂದಿನ ವರ್ಷದ ಊಟವನ್ನು ಗಡ್ಡೆಗೆ ಇಳಿಸುತ್ತಿರುತ್ತವೆ. ಡಿಸೆಂಬರ್ ಹೊತ್ತಿಗೆ ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸಿ, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಅಗೆದು, ಗೊಂಚಲನ್ನು ಕೆಳಗಿನಿಂದ ಎತ್ತಬೇಕು. ಕಾಂಡವನ್ನು ಹಿಡಿದು ಜಗ್ಗಿದರೆ ಗಡ್ಡೆಗಳ ಕುತ್ತಿಗೆ ಮುರಿದು ಎಲ್ಲವೂ ಕುರುಡಾಗುವುವು. ಎತ್ತಿದ ಗೊಂಚಲನ್ನು ಒಂದು ದಿನ ತಲೆಕೆಳಗಾಗಿ ಇಡತಕ್ಕದ್ದು. ಟೊಳ್ಳು ಕಾಂಡದಲ್ಲಿ ನಿಂತ ನೀರು ಇಳಿಯದಿದ್ದರೆ ಬುಡವು ಒಳಗಿನಿಂದಲೇ ಕೊಳೆಯುತ್ತದೆ.

ಎಲ್ಲಿ ಇಡಬೇಕು? ಒಲೆಯ ಮೇಲಿನ ಅಟ್ಟದಲ್ಲಿ ಎಂದು ಬಹಳ ಮನೆಗಳಲ್ಲಿ ಹೇಳಿದರು. ಮಗೆಸೌತೆಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಉಳಿಯುತ್ತದೆ, ನಿಜ. ಡೇರೆಯ ಗಡ್ಡೆಯ ಸಿಪ್ಪೆ ತೆಳು. ಹೊಗೆಯ ಬಿಸಿಗೆ ಎರಡು ತಿಂಗಳಲ್ಲಿ ಒಣಮೆಣಸಿನಕಾಯಿಯಂತೆ ಸುಕ್ಕಿಹೋಗುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಗಾಳಿಯಾಡುವ, ನೆಲದಿಂದ ತೇವವೇರದ ಕೋಣೆಯಲ್ಲಿ, ಮಣ್ಣಿನ ಮಡಕೆಯಲ್ಲಾಗಲಿ ಬುಟ್ಟಿಯಲ್ಲಾಗಲಿ ಒಣಮರಳಿನ ನಡುವೆ ಹೂತಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಮೆತ್ತಗಾದದ್ದನ್ನು ಎಸೆಯಿರಿ, ಸುಕ್ಕಿದ್ದರೆ ಮರಳಿಗೆ ಕೈಯಿಂದ ನೀರು ಚಿಮುಕಿಸಿರಿ. ಹೆಸರನ್ನು ಕಾಗದದಲ್ಲಿ ಬರೆದಿಟ್ಟರೆ ಗೆದ್ದಲಿನ ಪಾಲು; ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ ಕಾಂಡಕ್ಕೆ ಕಟ್ಟಿರಿ. ಪೇಟೆಯ ಹೆಸರು ಬೇಕಾಗಿಲ್ಲ; ಯಾರ ಮನೆಯಿಂದ ಬಂದದ್ದು, ಯಾವ ಬಣ್ಣ, ಇಷ್ಟಿದ್ದರೆ ಸಾಕು.

ಒಂದು ಜಾತಿಯನ್ನು ಒಂದೇ ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯ. ಆ ಬಿಳಿಯ ತುದಿಯ ಕೆಂಪು ಹೂವಿನ ಎರಡು ಗಡ್ಡೆಗಳು ಬೇಲಿಯ ಆಚೆಯ ಮುದುಕಿಯ ದಿಣ್ಣೆಯ ಮೇಲೆ ಇದ್ದಿದ್ದರೆ ನನ್ನ ಅವಿವೇಕದಿಂದ ಅದು ಅಳಿಯುತ್ತಿರಲಿಲ್ಲ. ಈಗ ಊರುಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತಿದೆ, ಮಕ್ಕಳು ಪಟ್ಟಣ ಸೇರುತ್ತಿದ್ದಾರೆ. ಮುದುಕಿಯರೊಂದಿಗೆ ಅವರ ಗಡ್ಡೆಯ ಬುಟ್ಟಿಗಳೂ ಹೋಗುತ್ತಿವೆ. ಆದುದರಿಂದ ಊರಿನ ಯಜಮಾನರಲ್ಲಿ ನನ್ನದೊಂದು ಬೇಡಿಕೆ. ದೇವಸ್ಥಾನದ ಹಿತ್ತಲಿನಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ನಾಲ್ಕು ಏರಿಗಳಷ್ಟು ಜಾಗವನ್ನು ಬಿಡಿಸಿಕೊಡಬೇಕು. ಪ್ರತಿಯೊಂದು ಮನೆಯಿಂದಲೂ ಪ್ರತಿಯೊಂದು ಬಣ್ಣದ ಒಂದೊಂದು ಭಾಗವು ಅಲ್ಲಿ ಬೆಳೆಯಲಿ. ಯಾರ ಮನೆಯಲ್ಲಿ ಕೊಳೆತರೂ ಅಲ್ಲಿಂದ ಮರಳಿ ಪಡೆಯಬಹುದು. ಬಸಿಗಾಲುವೆಯ ಗುರುತನ್ನು ನಾನೇ ನಿಂತು ಹಾಕಿಕೊಡುತ್ತೇನೆ, ಆ ಮುದುಕಿಯಿಂದ ಕಲಿತ ಎತ್ತರಕ್ಕೆ.

ಕೃತ್ತಿಕೆ ಮಳೆಗೆ ಇನ್ನು ಹೆಚ್ಚು ದಿನಗಳಿಲ್ಲ. ಗಡ್ಡೆಗಳನ್ನು ತಂದಿರುವವರು ಜಗುಲಿಯ ಮೇಲೆ ಇಡಿರಿ. ಕತ್ತಿಯನ್ನೂ ಗಂಧಕದ ಪುಡಿಯನ್ನೂ ನಾನು ತಂದಿದ್ದೇನೆ. ಕಣ್ಣಿರುವುದು ಯಾವುದು, ಕುರುಡು ಯಾವುದು ಎಂಬುದನ್ನು ಈಗಲೇ ಕೊಯ್ದು ತೋರಿಸುತ್ತೇನೆ.